ಬಿಸ್ಕತ್ತಿನ ಡಬ್ಬಿಯೊಳಗಿನ ಕೂಗು

ಡಬ್ಬಿಯೊಳಗಿನ ಬಜರ್ ಕೂಗಿದ ಕೂಡಲೇ ಕೇರಿಯ ಬಾಗಿಲುಗಳೇನೋ ಪಟಪಟನೆ ತೆರೆದವು. ಆದರೆ ಹೊರಬಂದವರಲ್ಲಿ ಒಬ್ಬರ ಕೈಯಲ್ಲೂ ಬಟ್ಟಲಿರಲಿಲ್ಲ. ಗಾಡಿಯ ಕಡೆ ತಿರುಗಿಯೂ ನೋಡದೆ, ಎಲ್ಲರೂ ತಂತಮ್ಮ ಮನೆಯ ಗೋಡೆಗೆ ಮುಖ ಮಾಡಿ ಕತ್ತೆತ್ತಿ ನಿಂತುಬಿಟ್ಟರು.

ಗಾಡಿಯ ಪಕ್ಕ ನಿಂತಿದ್ದ ಆಸಿ ಇನ್ನೊಂದು ಸಲ ಗುಂಡಿ ಒತ್ತಿದಳು. ಪೀಂಪ್, ಪೀಂಪ್, ಪೀಂಪ್.

"ನಂದಲ್ಲಪ್ಪ. ಮೊನ್ನೆ ತಾನೇ ತುಂಬ್ಸಿದೀನಿ," ಅಂದಳು ಬುಡೆ ತುಮಿನಿ, ತಲೆಗೆ ಸುತ್ತಿದ್ದ ಟವೆಲ್ಲನ್ನು ಒಂದು ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ನಿಂತು ಮೀಟರು ಓದುತ್ತ. ಕೇರಿಗೆಲ್ಲ ಅವಳು ಬುಡೆ, ದೊಡ್ಡಮ್ಮ. ಎದುರು ಮನೆಯವನ ಕಡೆ ತಿರುಗಿ, "ನಿಂದೇ ಇರ್ಬೇಕು ನೋಡು. ಹೆಂಡ್ತಿ ಬೈಯೋಕ್ ಮುಂಚೆ ಹೋಗಿ ಹಾಕಿಸ್ಕೊಂಡ್ ಬಾ," ಅಂದಳು.

ಆಗ ಆಸಿಗೆ ಹೊಳೆಯಿತು. ಹೊಳೆದ ಕೂಡಲೇ ಕಿವಿಯ ತುದಿಯವರೆಗೂ ಬಿಸಿಯಾಯಿತು. ಮಲಾಂಗ್ ಪಟ್ಟಣದಲ್ಲಿ, ಬ್ರಾಂತಾಸ್ ಹೊಳೆಯ ಇಳಿಜಾರಿಗೆ ಅಂಟಿಕೊಂಡ ಆ ಕೇರಿಯಲ್ಲಿ, ಕರೆಂಟಿಗೆ ಮುಂಗಡವೇ ತುಂಬಿಸಬೇಕು. ತುಂಬಿಸಿದ್ದು ತೀರುತ್ತ ಬಂದರೆ ಬಾಗಿಲ ಪಕ್ಕದ ಮೀಟರು ಹಸಿದ ಕೂಸಿನ ಹಾಗೆ ಪೀಂಪ್ ಪೀಂಪ್ ಅಂತ ಹಟ ಹಿಡಿಯುತ್ತದೆ. ಬುದ್ಧಿ ಬಂದಾಗಿನಿಂದ ಕೇಳಿದ ಸದ್ದು. ಹಿಂದಿನ ಸಂಜೆಯೆಲ್ಲ ಬಜರನ್ನು ಕಿವಿಯ ಪಕ್ಕದಲ್ಲೇ ಕೂಗಿಸಿಕೊಂಡು ಕುಣಿದಿದ್ದಳು. ಆ ಖುಷಿಯಲ್ಲಿ ಇದೊಂದು ಮಾತ್ರ ತಲೆಗೆ ಹೋಗಿರಲಿಲ್ಲ.

ಗಾಡಿಯ ಹಿಡಿಕೆ ಹಿಡಿದು ನಿಂತಿದ್ದ ಅಮ್ಮ ಅವಳ ಮುಖ ನೋಡಿದಳು. ಏನೂ ಅನ್ನಲಿಲ್ಲ. ಅನ್ನುವ ಹಾಗೂ ಇರಲಿಲ್ಲ.

ಅಮ್ಮ ಗಿಯೆಮ್ ಆ ಕೇರಿಗಳಲ್ಲಿ ಜೆನಾಂಗ್ ಮಾರುವವಳು. ಅಕ್ಕಿಹಿಟ್ಟನ್ನು ತೆಂಗಿನ ಹಾಲಿನಲ್ಲಿ ಕಾಯಿಸಿದ ಬೆಳ್ಳನೆಯ ಗಂಜಿ, ಅದರ ಮೇಲೆ ಕರಿಬೆಲ್ಲದ ಪಾಕ. ಬೆಳಗಿನ ಚಳಿಯಲ್ಲಿ "ಜೆನಾ...ಂಗ್, ನಂಗ್" ಅನ್ನುವ ಅವಳ ಕೂಗು ಕೇಳಿಯೇ ಏಳುವ ಮನೆಗಳಿದ್ದವು. ಆ ಕೂಗಿನ ಗಂಟಲಲ್ಲಿ ಒಂದು ಗಂಟು ಬೆಳೆದು, ಆಸ್ಪತ್ರೆಯಲ್ಲಿ ಕೊಯ್ದು ತೆಗೆದಿದ್ದರು. ಮಾತಾಡಬೇಡಿ, ಕೂಗುವುದಂತೂ ಬೇಡವೇ ಬೇಡ, ಈಗ ಕೂಗಿದರೆ ಉಳಿದ ದನಿಯೂ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ ಅಂತ ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದ್ದರು. ಅಮ್ಮ ಎಲ್ಲದಕ್ಕೂ ತಲೆಯಾಡಿಸಿದ್ದಳು. ತಲೆಯಾಡಿಸಿ ಮನೆಗೆ ಬಂದವಳು, ಗಂಟಲ ಪಟ್ಟಿ ಬಿಚ್ಚಿದ ಮಾರನೆಯ ದಿನವೇ ಗಂಜಿ ಕಾಯಿಸಿ ಗಾಡಿ ಹೊರಡಿಸಿದ್ದಳು. ಅಪ್ಪ ಲಾರಿಯ ಜೊತೆ ಕಡಲು ದಾಟಿ ಹೋದವನು, ಹಬ್ಬಕ್ಕಷ್ಟೇ ಬರುವವನು. ಮನೆ ನಡೆಯುತ್ತಿದ್ದುದು ಈ ಗಾಡಿಯಿಂದಲೇ.

ಆದರೆ ಸದ್ದಿಲ್ಲದ ಗಾಡಿ ಯಾರಿಗೆ ಕಾಣುತ್ತದೆ? ಒಳಗೆ ಟಿವಿ, ಮಿಕ್ಸಿ, ಸ್ನಾನದ ಮನೆಯ ನೀರು. ಜೆನಾಂಗ್ ಬಂತೇನೋ ಅಂತ ಯಾರಾದರೂ ಇಣುಕುವ ಹೊತ್ತಿಗೆ ಗಾಡಿ ಮುಂದಿನ ತಿರುವು ದಾಟಿರುತ್ತಿತ್ತು. ಅರ್ಧ ಪಾತ್ರೆ ಹಾಗೇ ವಾಪಸು.

ಆಸಿಗೆ ಇದ್ದ ಭಯ ಒಂದೇ. ಸೋಮವಾರ ಅವಳ ಶಾಲೆ ಶುರು. ಅಲ್ಲಿಯವರೆಗೆ ಗಾಡಿಯ ಜೊತೆ ತಾನಿರುತ್ತಾಳೆ. ಆಮೇಲೆ ಅಮ್ಮ ಒಬ್ಬಳೇ. ಗಂಜಿ ಆರುತ್ತಿರುವುದನ್ನು ನೋಡಿಕೊಂಡು ಬಾಯಿ ಮುಚ್ಚಿಕೊಂಡಿರುವ ಹೆಂಗಸಲ್ಲ ಅವಳು. ಯಾವುದೋ ಒಂದು ತಿರುವಿನಲ್ಲಿ, ಯಾರೂ ನೋಡದಾಗ, ಕೂಗಿಯೇ ಕೂಗುತ್ತಾಳೆ.

ಅದಕ್ಕೇ ಈ ಡಬ್ಬಿ.

ಬೇರೆ ಏನೂ ನೋಡಿರಲಿಲ್ಲ ಅಂತಲ್ಲ. ಮೊದಲು ತಾನೇ ಕೂಗಿ ನೋಡಿದ್ದಳು. ಅವಳದು ಕೀಚಲು ದನಿ, ಕೇರಿಯ ಮಕ್ಕಳು ಗಾಡಿಯ ಹಿಂದೆಯೇ ಅಣಕಿಸುತ್ತ ಬಂದವು. ಅಷ್ಟಕ್ಕೂ ಸೋಮವಾರದಿಂದ ಕೂಗುವುದಕ್ಕೆ ಅವಳಿರುವುದಿಲ್ಲವಲ್ಲ. ಚಮಚದಲ್ಲಿ ಬಟ್ಟಲು ಬಡಿದು ನೋಡಿದಳು. ಅದು ಮಾಂಸದುಂಡೆಯ ಸಾರು ಮಾರುವವನ ಸದ್ದು. ಅವನು ಜಗಳಕ್ಕೇನೂ ಬರಲಿಲ್ಲ, ಗಾಡಿ ನಿಲ್ಲಿಸಿ, ನಕ್ಕು, ಅಮ್ಮನ ಆರೋಗ್ಯ ವಿಚಾರಿಸಿ, ಹೋಗುವಾಗ ತನ್ನ ಬಟ್ಟಲನ್ನು ಟಿಂಗ್ ಟಿಂಗ್ ಅಂತ ಬಡಿದು ತೋರಿಸಿ ಹೋದ. ಅಷ್ಟೇ ಸಾಕಿತ್ತು. ಬಿದಿರ ತುಂಡಿನ ಟೊಕ್ ಟೊಕ್ ಶಾವಿಗೆಯವನದು, ಪುಟ್ಟ ಜಾಗಟೆ ಐಸಿನವನದು, ಹಬೆಯ ಸೀಟಿ ಪುಟ್ಟು ಮಾರುವವನದು. ಬಡಿಯಬಹುದಾದದ್ದು, ಊದಬಹುದಾದದ್ದು ಎಲ್ಲಕ್ಕೂ ಒಬ್ಬೊಬ್ಬ ಯಜಮಾನನಿದ್ದ. ಇನ್ನೊಬ್ಬರ ಸದ್ದು ಎತ್ತಿಕೊಳ್ಳುವುದು ಅವರ ಗಿರಾಕಿಯ ಕೈ ಹಿಡಿದು ಎಳೆದ ಹಾಗೆ.

ಯಾರದೂ ಅಲ್ಲದ ಸದ್ದು ಬೇಕಿತ್ತು. ಆಸಿ ವೃತ್ತಿಶಾಲೆಯ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಮೊದಲ ವರ್ಷ ಓದುವವಳು. ಪುಟ್ಟ ದೀಪವೊಂದನ್ನು ಮಿನುಗಿಸುವುದು ಮೊದಲ ಪಾಠ, ಬಜರ್ ಕೂಗಿಸುವುದು ಎರಡನೆಯದು. ಕಾಲು ಒಂದು ಕಡೆ ನಿಲ್ಲುವ ಜಾತಿಯೇ ಅಲ್ಲ ಅವಳದು. ರಜೆ ಸಿಕ್ಕ ಬೆಳಿಗ್ಗೆಯೇ ಫ್ಯಾನು ಬಿಚ್ಚಿ ಜೋಡಿಸಿದ್ದಳು, ಕೀರಲು ಬಾಗಿಲಿನ ತಿರುಗಣಿ ಸರಿಮಾಡಿದ್ದಳು, ಅಮ್ಮನ ಗಾಡಿಯನ್ನು ಮಗುಚಿ ಹಾಕಿ ಚಕ್ರಕ್ಕೆ ಎಣ್ಣೆ ಬಿಟ್ಟಿದ್ದಳು. ಅಮ್ಮ ಆಗ ಸೌಟು ಎತ್ತಿ ಏನೋ ಹೇಳಹೊರಟಿದ್ದಳು. ಇವಳು ಅಷ್ಟರಲ್ಲಿ ಅಂಗಡಿಗೆ ಓಡಿಯಾಗಿತ್ತು. ಈಗ ಹಬ್ಬದ ಕೆಂಪು ಬಿಸ್ಕತ್ತಿನ ಡಬ್ಬಿ, ಯಾವಾಗ ತೆರೆದರೂ ಒಳಗೆ ಬಿಸ್ಕತ್ತಿನ ಬದಲು ಅಕ್ಕಿ ಸಂಡಿಗೆಯೇ ಇರುವಂಥದ್ದು, ಅದನ್ನು ಖಾಲಿ ಮಾಡಿ ಬಜರನ್ನು ಒಳಗೆ ಕೂರಿಸಿದಳು. ತಗಡಿಗೆ ತಗುಲಿ ದನಿ ಇಮ್ಮಡಿಯಾಯಿತು. ಎಲ್ಲ ಸರಿಯಿತ್ತು. ಮೀಟರೊಂದು ಅಡ್ಡಬಂತು.

ಮೂಲೆಮನೆಯ ಪಾಕ್ ಸರ್ಪಿನ್ ಮಾತ್ರ ಮೀಟರು ನೋಡುತ್ತಿರಲಿಲ್ಲ. ಕೇರಿಗೆಲ್ಲ ಪಾಕ್, ಅಂದರೆ ಅಪ್ಪಾಜಿ ಅನ್ನಿಸಿಕೊಂಡ ಸೈಕಲ್ ರಿಪೇರಿಯ ಆ ಹಿರಿಯ, ಚಾವಣಿಗೆ ನೇತುಹಾಕಿದ ಪಂಜರಕ್ಕೆ ಎರಡೂ ಕೈಯಲ್ಲಿ ಬಟ್ಟೆ ಹೊದಿಸುತ್ತ, "ಲೇ ಹುಡುಗಿ, ಆ ಡಬ್ಬಿ ಆ ಕಡೆ ತಗೊಂಡ್ ಹೋಗು. ನನ್ನ ಹಕ್ಕಿ ಕಿವಿ ಏನು ಕಸದ ತೊಟ್ಟೀನಾ?" ಅಂದ. ಒಳಗೆ ಅವನ ಮಡಿವಾಳ ಹಕ್ಕಿ, ಕಪ್ಪು ಬಿಳುಪಿನ ಪಂಗೇರಾನ್, ಬಾಲ ಎತ್ತಿ ಕುಳಿತಿತ್ತು. ಪಂಗೇರಾನ್ ಅಂದರೆ ರಾಜಕುಮಾರ. ಭಾನುವಾರ ಮೈದಾನದಲ್ಲಿ ಹಕ್ಕಿಗಳ ಹಾಡಿನ ಪಂದ್ಯ; ರಾಜಕುಮಾರನಿಗೆ ಬೆಳಿಗ್ಗೆ ಜೀರುಂಡೆಯ ಫಲಾಹಾರ, ಮಧ್ಯಾಹ್ನ ಜಲಪಾತದ ಧ್ವನಿಮುದ್ರಿಕೆ, ಸಂಜೆ ಮೈಗೆ ನೀರಿನ ತುಂತುರು ನಡೆದಿತ್ತು.

ಆಸಿ ಮನೆಗೆ ಬಂದವಳೇ ಡಬ್ಬಿ ಬಿಚ್ಚಿದಳು. ಉದ್ದ ಕೂಗಿಸಿದಳು, ಗಿಡ್ಡ ಕೂಗಿಸಿದಳು, ಎರಡು ಗಿಡ್ಡ ಒಂದು ಉದ್ದ ಮಾಡಿದಳು. ಏನು ಮಾಡಿದರೂ ದನಿ ಅದೇ. ಬಜರಿನ ತಲೆಯ ಮೇಲೆ ಒಂದು ಪುಟ್ಟ ಕಾಗದ ಅಂಟಿಸಿದ್ದರು; ಅದನ್ನು ಕಿತ್ತರೆ ಬದಲಾದೀತೇ ಅಂತ ಕಿತ್ತಳು. ಅದೇ ದನಿ, ಇನ್ನಷ್ಟು ಜೋರಾಗಿ ಬಂತು. ಪಕ್ಕದ ಮನೆಯಲ್ಲಿ ಯಾರೋ ಕುರ್ಚಿ ಎಳೆದುಕೊಂಡು ಮೀಟರು ನೋಡಲು ಎದ್ದದ್ದು ಕೇಳಿಸಿತು.

ಆದರೂ ಬಿಡಲಿಲ್ಲ. ಜನಕ್ಕೆ ರೂಢಿಯಾಗುತ್ತದೆ, ಇದು ಗಿಯೆಮಳ ಗಾಡಿಯದು ಅಂತ ತಿಳಿಯುತ್ತದೆ ಅಂದುಕೊಂಡು ಮತ್ತೆ ಮತ್ತೆ ಕೇರಿಯಲ್ಲಿ ಒತ್ತಿಕೊಂಡು ನಡೆದಳು. ರೂಢಿಯೇನೋ ಆಯಿತು. ಅದರ ಫಲವಾಗಿ ಒಂದು ಬೆಳಿಗ್ಗೆ ಬುಡೆ ತುಮಿನಿ ಅನ್ನದ ಕುಕ್ಕರನ್ನೇ ಎತ್ತಿಕೊಂಡು ಬಾಗಿಲಿಗೆ ಬಂದಳು. ಮುಚ್ಚಳ ತೆಗೆದು ತೋರಿಸಿದಳು. ಒಳಗೆ ನೀರಲ್ಲಿ ಅರ್ಧ ಬೆಂದ ಅಕ್ಕಿ.

"ಮುಂಜಾನೆಯಿಂದ ಪೀಂಪ್ ಪೀಂಪ್ ಅಂತಾನೇ ಇತ್ತು. ಯು ಗಿಯೆಮ್ ಮಗಳ ಡಬ್ಬಿ ಅಲ್ವಾ, ಬಡ್ಕೊಳ್ಳಲಿ ಬಿಡು ಅಂತ ನಾನು ಸುಮ್ನೆ ಇದ್ದೆ. ನಮ್ಮನೆ ಮೀಟರೇ ಅದು. ಕರೆಂಟ್ ಹೋಯ್ತು, ಅನ್ನಾನೂ ಹೋಯ್ತು. ಈಗ ಇದನ್ನ ಏನ್ ಮಾಡ್ಲಿ ಹೇಳು, ನಿಮ್ಮಮ್ಮನ ಜೆನಾಂಗಿಗೆ ಸುರಿದುಬಿಡ್ಲಾ?"

ಆಸಿ ನೆಲ ನೋಡಿದಳು. ಅಮ್ಮ ಒಳಗಿನಿಂದ ಬಂದು, ಯು ಅಂತ ತನ್ನನ್ನು ಅಕ್ಕ ಅನ್ನುವ ಆ ನೆರೆಯವಳ ಕೈಯಿಂದ ಕುಕ್ಕರು ತೆಗೆದುಕೊಂಡು, ಅಕ್ಕಿಯನ್ನು ತನ್ನ ಒಲೆಯ ಪಾತ್ರೆಗೆ ಬಗ್ಗಿಸಿ, ಬೆಂಕಿ ಮೇಲೆ ಮಾಡಿ, ಕೂರು ಅಂತ ಸೌಟಿನಲ್ಲಿ ಚಾಪೆ ತೋರಿಸಿದಳು. ಬುಡೆ ಕೂತಳು. ಅನ್ನ ಬೇಯುವವರೆಗೂ ಬೈಯುತ್ತ ಕೂತಳು.

ಆ ದಿನವೇ ಅದು ನಡೆದದ್ದು. ತಡವಾಗಿ ಹೊರಟ ಗಾಡಿ ಹೊಳೆಯ ಕಡೆಯ ತಿರುವಿಗೆ ಬಂದಿತ್ತು. ಡಬ್ಬಿ ಒತ್ತುವುದಕ್ಕೆ ಆಸಿಗೆ ಧೈರ್ಯವಿರಲಿಲ್ಲ. ಬಾಗಿಲುಗಳೆಲ್ಲ ಮುಚ್ಚಿದ್ದವು. ಪಾತ್ರೆ ಇನ್ನೂ ತುಂಬಿಯೇ ಇತ್ತು. ಅಮ್ಮ ಗಾಡಿ ನಿಲ್ಲಿಸಿದಳು, ಬೆನ್ನು ನೆಟ್ಟಗೆ ಮಾಡಿದಳು, ಭುಜ ಮೇಲೆತ್ತಿ ಉಸಿರು ಎಳೆದುಕೊಂಡಳು. ಆ ಉಸಿರನ್ನು ಆಸಿ ಹುಟ್ಟಿದಾಗಿನಿಂದ ಬಲ್ಲಳು. ಕೂಗಿನ ಮುಂಚಿನ ಉಸಿರು ಅದು.

ಆಸಿ ಬೆರಳಿಟ್ಟು ಗುಂಡಿ ಒತ್ತಿಯೇಬಿಟ್ಟಳು. ಒತ್ತಿದ ಬೆರಳು ತೆಗೆಯಲಿಲ್ಲ. ಪೀಂ...... ಅಂತ ಡಬ್ಬಿ ಅರಚಿಕೊಂಡಿತು. ಬಾಗಿಲುಗಳು ತೆರೆದವು, ಬೈಗುಳ ಬಂತು, ನಾಯಿ ಬೊಗಳಿತು. ಅಮ್ಮನ ಬಾಯಿ ತೆರೆದದ್ದು ಹಾಗೇ ಮುಚ್ಚಿತು. ಅವಳು ಮಗಳ ಕಡೆ ತಿರುಗಿ ಸೌಟನ್ನು ಪಾತ್ರೆಯ ಅಂಚಿಗೆ ಠಣ್ಣನೆ ಬಡಿದಳು. ಕಣ್ಣಲ್ಲಿ ನೀರಿತ್ತು, ಸಿಟ್ಟಿನದೋ ನೋವಿನದೋ.

"ಕೂಗ್ಬೇಡ ಬು, ಬೇಡಮ್ಮ," ಅಂದಳು ಆಸಿ. ಆಮೇಲಷ್ಟೇ ಗುಂಡಿಯಿಂದ ಬೆರಳು ತೆಗೆದಳು. "ಇನ್ನೆರಡ್ ದಿನ ತಡ್ಕೋ. ಸರಿ ಮಾಡ್ತೀನಿ. ಮಾಡೇ ಮಾಡ್ತೀನಿ."

ಅಮ್ಮ ಉತ್ತರವಾಗಿ ಗಾಡಿ ತಿರುಗಿಸಿದಳು. ಎಣ್ಣೆ ಬಿಟ್ಟ ಚಕ್ರ ಸದ್ದೇ ಮಾಡದೆ ಉರುಳಿತು.

ಮಧ್ಯಾಹ್ನ ಆಸಿ ಚೊಂಬೊರಾನ್ ಹಳೇ ಸಾಮಾನಿನ ಸಂತೆಗೆ ಓಡಿದಳು. ಒಡೆದ ರೇಡಿಯೊ, ಕಳಚಿದ ಫೋನು, ಬಿಚ್ಚಿದ ಆಟಿಕೆಗಳ ರಾಶಿ. ಅಲ್ಲಿಯ ಒಬ್ಬ ವ್ಯಾಪಾರಿ ಅವಳ ಬಜರನ್ನು ಮಗುಚಿ ನೋಡಿ, ಇದು ಒಂದೇ ರಾಗದ ದಾಸಯ್ಯ, ಕರೆಂಟು ಕೊಟ್ಟರೆ ತನಗೆ ಗೊತ್ತಿದ್ದದ್ದನ್ನೇ ಹಾಡುತ್ತದೆ ಅಂದ. ಹೊಟ್ಟೆಯ ಕೆಳಗೆ ಕಪ್ಪಗೆ ಮುಚ್ಚಿದ್ದರೆ ಇಂಥದ್ದು. ಹಸಿರು ಹಲಗೆ ಕಾಣುತ್ತಿದ್ದರೆ ಅದು ಇನ್ನೊಂದು ಜಾತಿ, ಹೇಳಿಕೊಟ್ಟ ಹಾಗೆ ಹಾಡುತ್ತದೆ. ಶಾಲೆಯಲ್ಲಿ ಮೇಷ್ಟ್ರು ಇದನ್ನೇ ಹೇಳಿದ್ದು ಆಸಿಗೆ ಆಗ ನೆನಪಾಯಿತು. ಆ ಹೊತ್ತು ಅವಳು ಕಿಟಕಿಯ ಆಚೆ ನೋಡುತ್ತಿದ್ದಿರಬೇಕು. ಮಕ್ಕಳ ಪಿಯಾನೊ ಒಂದರ ಹೊಟ್ಟೆಯಿಂದ ಹಸಿರು ಹಲಗೆಯದನ್ನು ಕೀಳಿಸಿಕೊಂಡು ಬಂದಳು.

ಈಗ, ಶಾಲೆಯಲ್ಲಿ ದೀಪ ಮಿನುಗಿಸಿದ್ದಂಥ ಪುಟ್ಟ ಬೋರ್ಡನ್ನು ಬಜರಿಗೆ ಜೋಡಿಸಿ ಸಂಖ್ಯೆ ಕೊಟ್ಟರೆ ಸಾಕು, ಸದ್ದಾಗುತ್ತಿತ್ತು. ದೊಡ್ಡ ಸಂಖ್ಯೆಗೆ ತೆಳು ದನಿ, ಸಣ್ಣದಕ್ಕೆ ದಪ್ಪ ದನಿ. ಆಸಿಗೆ ಊಟ ಸೇರಲಿಲ್ಲ. ಬಾಯಿಗೆ ಬಂದ ಹಾಡನ್ನೆಲ್ಲ ಹಾಕಿ, ಅದರಲ್ಲಿ ಚೆನ್ನಾಗಿದ್ದ ಒಂದನ್ನು ಆರಿಸಿ, ಮರುದಿನ ಬೆಳಿಗ್ಗೆ ಕೇರಿಯಲ್ಲಿ ನುಡಿಸಿದಳು. ಜನ ಈ ಸಲ ಖುಷಿಯಾಗಿಯೇ ಹೊರಬಂದರು. ಬಂದು ಗಾಡಿಯ ಸುತ್ತ ನಿಂತು, ಬ್ರೆಡ್ಡೆಲ್ಲಿ, ಚಾಕೊಲೇಟಿನದು ಇದೆಯಾ ಅಂತ ಕೇಳಿದರು. ಹಾಡು ನುಡಿಸಿಕೊಂಡು ಬರುವವನು ಅಂದರೆ ಆ ಊರಲ್ಲಿ ಬ್ರೆಡ್ಡಿನವನೇ. ಬ್ರೆಡ್ಡಿಲ್ಲ ಅಂದಾಗ ಮಕ್ಕಳು ಅತ್ತವು.

ಅವಳಿಗೆ ಅಲ್ಲಿಗೆ ಒಂದು ಖಚಿತವಾಯಿತು. ಹೊಸ ಸದ್ದಿನಿಂದ ಆಗದು. ಜನ ಕಾಯುತ್ತಿದ್ದುದು ಅಮ್ಮನ ಕೂಗಿಗೆ. ಅದನ್ನೇ ಡಬ್ಬಿಗೆ ಕಲಿಸಬೇಕು.

ಆದರೆ ಕೂಗು ಎಲ್ಲಿದೆ? ಪ್ರತಿದಿನ ಕೇಳುವುದನ್ನು ಯಾರೂ ರೆಕಾರ್ಡ್ ಮಾಡಿಟ್ಟುಕೊಂಡಿರಲಿಲ್ಲ. ಫೋನಿನಲ್ಲಿ ಬೆಕ್ಕಿನದಿತ್ತು, ಮಳೆಯದಿತ್ತು, ಅಮ್ಮನದಿರಲಿಲ್ಲ. ನೆನಪಿನಿಂದ ಹಾಕಲು ಹೋದರೆ ಒಂದೊಂದು ಸಲ ಒಂದೊಂದು ಥರ. ಅಮ್ಮ ಎದುರು ಕೂತು ಸೌಟನ್ನು ಗಾಳಿಯಲ್ಲಿ ಎತ್ತಿ, ಜಾರಿಸಿ, ಕುಕ್ಕಿ ತೋರಿಸಿದಳು. ಸೌಟಿನಿಂದ ಸಂಖ್ಯೆ ಹುಟ್ಟಲಿಲ್ಲ. ಆಸಿ ಎದ್ದು ಅಂಗಳದಲ್ಲಿ ಸುತ್ತಿದಳು, ಕೂತಳು, ಮತ್ತೆ ಎದ್ದಳು. ಶನಿವಾರದ ಬಿಸಿಲು ಏರುತ್ತಿತ್ತು.

ಆಗಲೇ ಪಾಕ್ ಸರ್ಪಿನ್ ಬಂದದ್ದು. ಕೈಯಲ್ಲಿ ಬಟ್ಟೆ ಮುಚ್ಚಿದ ಪಂಜರ. ಯಾರನ್ನೂ ಮಾತಾಡಿಸದೆ, ಅಂಗಳದ ಬಟ್ಟೆ ಒಣಹಾಕುವ ಬಿದಿರಿಗೆ ಅದನ್ನು ನೇತುಹಾಕಿ, ಬಟ್ಟೆ ಸರಿಸಿದ.

"ಕೇಳಿಸ್ಕೊಳ್ಳಿ ಇಂಜಿನಿಯರಮ್ಮ," ಅಂದ.

ರಾಜಕುಮಾರ ಬಾಲ ಎತ್ತಿದ. ಎದೆ ಉಬ್ಬಿಸಿದ. ಪೀಂಪ್, ಪೀಂಪ್, ಪೀಂಪ್ ಅಂದ.

ಆಸಿಗೆ ನಗು ಬಂತು. ಪಾಕ್ ಸರ್ಪಿನ್ ಮುಖ ನೋಡಿ ನುಂಗಿಕೊಂಡಳು.

"ನಗು ನಗು. ಇವನಿಗೋಸ್ಕರ ನಮ್ಮನೆ ಮೀಟರು ಒಂದ್ಸಲಾನೂ ಅಳೋಕ್ ಬಿಟ್ಟಿಲ್ಲ ನಾನು. ಮುಗಿಯೋಕ್ ಮುಂಚೆನೇ ತುಂಬಿಸ್ತೀನಿ. ಜಲಪಾತ ಕೇಳಿಸ್ದೆ, ಜೀರುಂಡೆ ಕೇಳಿಸ್ದೆ, ಕಾಡಿನ ಹಕ್ಕಿ ಕೇಳಿಸ್ದೆ. ನಾಳೆ ಪಂದ್ಯ. ತೀರ್ಪುಗಾರರ ಮುಂದೆ ಇವನು ಕರೆಂಟ್ ತೀರ್ತು ಅಂತ ಕೂಗ್ತಾನೆ. ಕೊಡು ಆ ಡಬ್ಬೀನ. ಹೊಳೆಗೆ ಹಾಕ್ತೀನಿ."

ಆಸಿ ಡಬ್ಬಿಯನ್ನು ಎದೆಗೆ ಅವಚಿಕೊಂಡಳು. ಗಲಾಟೆ ಕೇಳಿ ಅಮ್ಮ ಸೌಟು ಹಿಡಿದೇ ಅಡುಗೆಮನೆಯಿಂದ ಹೊರಬಂದಳು, ಬಂದು ಗಾಡಿಯ ಪಕ್ಕ ನಿಂತಳು. ಪಂಜರದೊಳಗೆ ಹಕ್ಕಿ ಕತ್ತು ವಾರೆ ಮಾಡಿ ಅವಳನ್ನು ನೋಡಿತು, ಗಾಡಿಯನ್ನು ನೋಡಿತು. ಕಡ್ಡಿಯ ಮೇಲೆ ಎರಡು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ ನಡೆಯಿತು. ಆಮೇಲೆ, ಸಣ್ಣ ದನಿಯಲ್ಲಿ ಆದರೆ ಎಲ್ಲೂ ತಪ್ಪದೆ, ಅಮ್ಮನ ಕೂಗನ್ನು ಕೂಗಿತು. ಏರಿ, ಜಾರಿ, ಒಂದು ಗಳಿಗೆ ನಿಂತು, ಕೊನೆಗೆ ಆ ಗಿಡ್ಡ "ನಂಗ್". ಅದಾದಮೇಲೆ ಕೀಂಯ್ ಅಂತ ಒಂದು ಬಾಲ.

ಅಮ್ಮನ ಕೈ ತಾನಾಗಿ ಗಂಟಲಿಗೆ ಹೋಯಿತು.

ಪಾಕ್ ಸರ್ಪಿನ್ ಮುಜುಗರದಿಂದ ಕತ್ತು ಕೆರೆದುಕೊಂಡ. "ಇದೂ ಒಂದು ಕಾಯಿಲೆ ಇವನಿಗೆ. ಯಾರಿಗೂ ಹೇಳಿರ್ಲಿಲ್ಲ. ಅದಕ್ಕೇ ನೀನು ಬಂದಾಗೆಲ್ಲ ಬಟ್ಟೆ ಹಾಕ್ತಿದ್ದೆ ಯು ಗಿಯೆಮ್. ಹಾಕಿ ಏನ್ ಬಂತು, ಕಿವಿ ಒಳಗೇ ಇತ್ತಲ್ಲ."

"ಪಾಕ್, ಸಾಯಂಕಾಲದ ತನಕ ಇವನನ್ನ ಇಲ್ಲೇ ಬಿಡಿ," ಅಂದಳು ಆಸಿ.

ಆತ ಅವಳನ್ನು ಹುಚ್ಚಿಯನ್ನು ನೋಡಿದಂತೆ ನೋಡಿದ. ಆಸಿ ಬಿಡಲಿಲ್ಲ, ಒಂದೇ ಉಸಿರಿಗೆ ಶುರುಮಾಡಿದಳು. ಹಕ್ಕಿ ಹೆಚ್ಚು ಕೇಳಿದ್ದನ್ನು ಹಾಡುತ್ತದೆ. ಪೀಂಪ್ ಕಲಿಸಿದ್ದು ಈ ಡಬ್ಬಿ. ಇದೇ ಡಬ್ಬಿ ಸಂಜೆಯವರೆಗೆ ಅಮ್ಮನ ಕೂಗು ಕೇಳಿಸಿದರೆ ಪೀಂಪನ್ನು ಮರೆಸಲೂಬಹುದು. ಮರೆಯದಿದ್ದರೆ ಡಬ್ಬಿಯನ್ನು ತಾನೇ ಹೊಳೆಗೆ ಹಾಕುತ್ತಾಳೆ. ಪಾಕ್ ಸರ್ಪಿನ್ ಬಹಳ ಹೊತ್ತು ಮೀಸೆ ತಿರುವಿದ. ಕೊನೆಗೆ, ಎರಡರಲ್ಲಿ ಜೆನಾಂಗೇ ವಾಸಿ, ಯಾವುದೋ ಬೆಟ್ಟದ ಹಕ್ಕಿಯದು ಅಂತಾದರೂ ತೀರ್ಪುಗಾರರಿಗೆ ಹೇಳಬಹುದು ಅಂದ. ಅಂದವನು ಮನೆಗೇನೂ ಹೋಗಲಿಲ್ಲ. ರಾಜಕುಮಾರನನ್ನು ಒಂಟಿಯಾಗಿ ಬಿಡುವುದುಂಟೇ ಅಂತ ಪಂಜರದ ಬುಡದಲ್ಲೇ ಕುಕ್ಕರುಗಾಲಲ್ಲಿ ಕೂತ.

ಫೋನಿನಲ್ಲಿ ಹಕ್ಕಿಯ ಕೂಗು ಹಿಡಿದು ನೇರ ಕೇಳಿಸಬಾರದೇ ಅಂತ ಅವನೇ ಕೇಳಿದ. ಆಸಿ ಹಿಡಿದು ತೋರಿಸಿದಳು: ಅದರಲ್ಲಿ ಪಕ್ಕದ ಮನೆಯ ಬೈಕಿತ್ತು, ಕೋಳಿಯಿತ್ತು, ಹಕ್ಕಿ ಎಲ್ಲೋ ಅಡಿಯಲ್ಲಿತ್ತು, ಸಾಲದ್ದಕ್ಕೆ ಆ ಫೋನಿನ ದನಿ ಎರಡನೇ ಮನೆಗೂ ಮುಟ್ಟುತ್ತಿರಲಿಲ್ಲ. ಕೇರಿಗೆ ಮುಟ್ಟುವುದು ಡಬ್ಬಿಯೇ.

ಹಕ್ಕಿ ಕೂಗುವುದು, ಆಸಿ ಸಂಖ್ಯೆ ಬದಲಿಸುವುದು, ಒತ್ತುವುದು. ಮೊದಮೊದಲು ಡಬ್ಬಿ ಒಂದು ಸ್ವರದಿಂದ ಇನ್ನೊಂದಕ್ಕೆ ಕಪ್ಪೆಯ ಹಾಗೆ ಜಿಗಿಯಿತು. ಅಮ್ಮನ ಕೂಗು ಜಿಗಿಯುವಂಥದ್ದಲ್ಲ, ಜಾರುವಂಥದ್ದು. ನಡುವೆ ಸಣ್ಣ ಸಣ್ಣ ಮೆಟ್ಟಿಲು ಹಾಕಿದಳು, ಇನ್ನೂ ಸಣ್ಣ ಮೆಟ್ಟಿಲು ಹಾಕಿದಳು. ಆಮೇಲೆ ಮೆಟ್ಟಿಲು ಕಿವಿಗೆ ಸಿಗದಾಯಿತು. ನಡುವಿನ ಬಿಡುವನ್ನು ಕಡಿಮೆ ಮಾಡಿದರೆ ಹಕ್ಕಿ ಪೀಂಪ್ ಅನ್ನುತ್ತಿತ್ತು. ಸರಿಯಾಗುತ್ತ ಬಂದಂತೆ ಸುಮ್ಮನಾಗಿ ಕತ್ತು ವಾರೆ ಮಾಡಿ ಕೇಳಿಸಿಕೊಳ್ಳುತ್ತಿತ್ತು. ತೀರ್ಪುಗಾರರ ಮುಂದೆ ನಿಲ್ಲಬೇಕಾದ ಹಕ್ಕಿ ತಾನೇ ತೀರ್ಪುಗಾರನಾಗಿ ಕೂತಿತ್ತು.

ಕೊನೆಯ ಕೀಂಯ್ ಮಾತ್ರ ಆಸಿ ಹಾಕಲಿಲ್ಲ. ಅದು ಹಕ್ಕಿ ತನ್ನ ಕೈಯಿಂದ ಸೇರಿಸಿದ ಅಲಂಕಾರ ಅಂದುಕೊಂಡಳು. ಡಬ್ಬಿ "ಜೆನಾ...ಂಗ್, ನಂಗ್" ಅಂದು ನಿಂತಿತು. ಹಕ್ಕಿ ಕಾಯಿತು. ಏನೂ ಬರದಿದ್ದಾಗ ತಾನೇ ಕೀಂಯ್ ಅಂದು ಮುಗಿಸಿತು. ಮತ್ತೊಮ್ಮೆ ಒತ್ತಿದರೂ ಅದೇ. ಡಬ್ಬಿ ನಿಲ್ಲಿಸಿದಲ್ಲಿಂದ ಹಕ್ಕಿ ಕೀಂಯ್.

"ಏನು ಅದು ಕೊನೇಲಿ ಮೂಗೆಳೆಯೋದು?" ಅಂದ ಪಾಕ್ ಸರ್ಪಿನ್.

ಅಮ್ಮ ಬಂದು ಗಾಡಿಯ ಚಕ್ರಕ್ಕೆ ಸೌಟಿನಲ್ಲಿ ಟಕ್ ಅಂತ ಬಡಿದಳು. ಆಸಿಗೆ ಅರ್ಥವಾಗಲಿಲ್ಲ. ಅಮ್ಮ ಮತ್ತೆ ಬಡಿದಳು, ಮಗಳ ಕಡೆ ಸೌಟು ತೋರಿಸಿದಳು, ಆಮೇಲೆ ಗಾಳಿಯಲ್ಲಿ ಎಣ್ಣೆ ಬಿಡುವವಳ ಹಾಗೆ ಬೆರಳು ಬಗ್ಗಿಸಿ ತೊಟ್ಟಿಕ್ಕಿಸಿದಳು.

ಆಸಿ ಹಣೆ ಹಿಡಿದುಕೊಂಡು ನೆಲಕ್ಕೆ ಕೂತಳು. ಕೂಗು ಮುಗಿದ ಕೂಡಲೇ ಅಮ್ಮ ಗಾಡಿಯನ್ನು ಮುಂದೆ ನೂಕುತ್ತಿದ್ದಳು. ಚಕ್ರ ಕೀಂಯ್ ಅನ್ನುತ್ತಿತ್ತು. ಎಷ್ಟು ಹತ್ತಿರ ಬಂತು, ಬಟ್ಟಲು ಹುಡುಕಲು ಹೊತ್ತಿದೆಯೇ ಅಂತ ಕೇರಿ ತಿಳಿಯುತ್ತಿದ್ದುದು ಆ ಕೀಂಯ್‌ನಿಂದ. ರಜೆಯ ಮೊದಲ ಬೆಳಿಗ್ಗೆ, ಯಾರೂ ಕೇಳದೆ, ಅದರ ಬಾಯನ್ನು ತಾನೇ ಎಣ್ಣೆ ಬಿಟ್ಟು ಮುಚ್ಚಿದ್ದಳು. ಡಾಕ್ಟರು ಮುಚ್ಚಿಸಿದ್ದು ಅಮ್ಮನ ಗಂಟಲು. ಗಾಡಿಯ ಗಂಟಲು ಮುಚ್ಚಿಸಿದ್ದು ಇವಳು.

"ಹೇಳ್ಬಾರ್ದಾಗಿತ್ತಾ ಬು ಆವತ್ತೇ," ಅಂದಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಅಮ್ಮ ಸೌಟಿನ ಹಿಂಬದಿಯಿಂದ ಅವಳ ನೆತ್ತಿಗೆ ಮೆಲ್ಲಗೆ ಕುಟ್ಟಿದಳು.

ಎಣ್ಣೆಯನ್ನು ವಾಪಸು ತೆಗೆಯುವುದಾಗಲಿಲ್ಲ, ಸೀಮೆಎಣ್ಣೆಯಲ್ಲಿ ಒರೆಸಿದರೂ ಚಕ್ರ ನುಣ್ಣಗೇ ತಿರುಗಿತು. ಕೊನೆಗೆ ಕೀಂಯ್ ಕೂಡ ಡಬ್ಬಿಯೊಳಕ್ಕೇ ಹೋಯಿತು. ಪೂರ್ತಿ ಕೂಗನ್ನು ಮೊದಲ ಸಲ ಒತ್ತಿದಾಗ ಹಕ್ಕಿ ಪೀಂಪ್ ಅನ್ನಲಿಲ್ಲ, ಕೀಂಯ್ ಅನ್ನಲಿಲ್ಲ. ತಲೆಯಿಂದ ಬಾಲದವರೆಗೆ ಗರಿ ಕೆದರಿಕೊಂಡು, ಡಬ್ಬಿಗೆ ಸಮನಾಗಿ ಪೂರ್ತಿ ಕೂಗಿತು. ಅಮ್ಮ ಆ ಕಡೆ ತಿರುಗಿ ಪಾತ್ರೆ ತಿಕ್ಕತೊಡಗಿದಳು. ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕಿದಳು.

ಭಾನುವಾರ ಪಂದ್ಯದಲ್ಲಿ ಪಂಗೇರಾನ್ ಗೆಲ್ಲಲಿಲ್ಲ. ಜಲಪಾತ, ಜೀರುಂಡೆ ಎಲ್ಲ ಬಿಟ್ಟು ಉದ್ದಕ್ಕೂ ಜೆನಾಂಗ್ ಮಾರಿತಂತೆ. ಪಾಕ್ ಸರ್ಪಿನ್ ಖಾಲಿ ಕೈಯಲ್ಲಿ ವಾಪಸು ಬಂದು, ಒಬ್ಬ ತೀರ್ಪುಗಾರ ಬಂದು ಆ ಗಂಜಿ ಯಾವ ಕೇರೀಲಿ ಸಿಗುತ್ತೆ ಅಂತ ಕೇಳಿದ ಅಂತ ಬಾಗಿಲಲ್ಲೇ ನಿಂತು ಹೇಳಿ, ಬೇಸರವೋ ಹೆಮ್ಮೆಯೋ ತಿಳಿಯದ ಮುಖ ಮಾಡಿಕೊಂಡು ಹೋದ.

ಸೋಮವಾರ ಬೆಳಿಗ್ಗೆ ಬಿಳಿ ಅಂಗಿ, ಬೂದು ಲಂಗ ತೊಟ್ಟು ಆಸಿ ಕೇರಿಯ ಮೆಟ್ಟಿಲಿನ ತುದಿಯಲ್ಲಿ ನಿಂತಿದ್ದಳು. ಹಿಂದೆ ರಸ್ತೆಯಲ್ಲಿ ಶಾಲೆಯ ಕಡೆಯ ನೀಲಿ ವ್ಯಾನು ಹಾರನ್ ಬಾರಿಸುತ್ತಿತ್ತು. ಕೆಳಗೆ, ಹಂಚುಗಳ ನಡುವೆ, ಅಮ್ಮನ ಗಾಡಿ ಹೊಳೆಯ ಕಡೆಯ ತಿರುವಿಗೆ ಬಂದಿತ್ತು. ಅದೇ ತಿರುವು. ಡಬ್ಬಿ ಗಾಡಿಯ ಮುಂಬದಿಗೆ ಹಗ್ಗದಲ್ಲಿ ಕಟ್ಟಿಕೊಂಡು ಕೆಂಪಗೆ ಹೊಳೆಯುತ್ತಿತ್ತು.

ಅಮ್ಮ ಗುಂಡಿ ಒತ್ತಿದಳು. ಕೂಗು ಏರಿತು, ಜಾರಿತು, ನಿಂತಿತು, ನಂಗ್. ಕೀಂಯ್.

ಒಂದು ಬಾಗಿಲೂ ತೆರೆಯಲಿಲ್ಲ.

ಮೂಲೆಮನೆಯಿಂದ ಪಂಗೇರಾನ್ ಮರುಕೂಗು ಕೊಟ್ಟಿತು. ಮತ್ತೂ ಯಾರೂ ಬರಲಿಲ್ಲ. ಆಸಿಯ ಕಾಲು ಒಂದು ಮೆಟ್ಟಿಲು ಕೆಳಗಿಳಿಯಿತು. ವ್ಯಾನಿನವನು, ಬರ್ತೀಯೋ ಇಲ್ವೋ ಅಂತ ಕೇಳಿದ. ಕೆಳಗೆ ಅಮ್ಮ ಬೆನ್ನು ನೆಟ್ಟಗೆ ಮಾಡಿದಳು. ಭುಜ ಮೇಲೆದ್ದಿತು. ಆಸಿ ಇನ್ನೊಂದು ಮೆಟ್ಟಿಲು ಇಳಿದಳು.

ಬುಡೆ ತುಮಿನಿಯ ಬಾಗಿಲು ತೆರೆಯಿತು. ಮೊದಲು ಬಟ್ಟಲು ಕಾಣಿಸಿತು, ಆಮೇಲೆ ಟವೆಲ್ಲು, ಆಮೇಲೆ ಬುಡೆ. ಅವಳು ಮೀಟರಿನ ಕಡೆ ನೋಡಲಿಲ್ಲ.

"ಬಂದೆ ತಡೀ, ಬಟ್ಲು ತೊಳೀಬೇಡ್ವಾ," ಅಂತ ಬೈಯುತ್ತಲೇ ಬಂದಳು. "ಯು ಗಿಯೆಮ್, ಗಂಟ್ಲು ಸರಿಹೋಯ್ತೇನೇ? ಹಾಸಿಗೇಲಿದ್ದೋಳು ನಿನ್ನ ಕೂಗಿಗೇ ಎದ್ದೆ."

ಅವಳ ಹಿಂದೆ ಎದುರು ಮನೆಯವನು. ಅವನ ಹಿಂದೆ ಮಕ್ಕಳು, ಬಟ್ಟಲು, ಚಮಚ, ಜಗಳ. ಅಮ್ಮ ಎಳೆದುಕೊಂಡಿದ್ದ ಉಸಿರು ಇನ್ನೂ ಎದೆಯಲ್ಲೇ ಇತ್ತು. ಬಾಯಿ ತೆರೆಯಿತು. ಆಸಿ ಮೆಟ್ಟಿಲ ಕಂಬಿಯನ್ನು ಬಿಗಿಯಾಗಿ ಹಿಡಿದಳು. ಅಮ್ಮ ಬಾಯಿ ಮುಚ್ಚಿದಳು, ಉಸಿರನ್ನು ಮೆಲ್ಲಗೆ ಹೊರಗೆ ಬಿಟ್ಟಳು, ಸೌಟಿನ ತುದಿಯಿಂದ ಡಬ್ಬಿಯನ್ನು ತೋರಿಸಿದಳು. ಬುಡೆ ಬಗ್ಗಿ ಡಬ್ಬಿಯೊಳಗೆ ಇಣುಕಿ, ಸಂಡಿಗೆ ಎಲ್ಲಿ ಹೋಯ್ತೇ ಇದರಲ್ಲಿದ್ದಿದ್ದು ಅಂತ ಕೇಳಿದಳು. ಅಮ್ಮನ ಭುಜಗಳು ಅಲುಗತೊಡಗಿದವು. ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವ ಹಾಗೆ, ಅವಳು ನಗುತ್ತಿದ್ದಳು.

ಆಸಿ ತಿರುಗಿ ಓಡಿದಳು. ವ್ಯಾನಿನ ಬಾಗಿಲಿಗೆ ಜೋತುಬಿದ್ದವಳ ಕಿವಿಗೆ ಕೆಳಗಿನಿಂದ ಮತ್ತೊಮ್ಮೆ ಕೂಗು ಕೇಳಿಸಿತು. ಗಿರಾಕಿಗಳೆಲ್ಲ ಎದುರಿಗೇ ನಿಂತಿದ್ದರು, ಒತ್ತುವ ಅಗತ್ಯವೇ ಇರಲಿಲ್ಲ. ಅಮ್ಮ ಸುಮ್ಮನೆ ಒತ್ತಿದ್ದಳು.